ಅವ್ವನ ಕಡೆಗಣ್ಣು

ಕದಿರು ತಿರುಗಿಸಿ ಉಣ್ಣೆ ನೂಲುವಾಗ ನಮ್ಮವ್ವನ ದೃಷ್ಟಿ ಎಳೆಯಿಂದ ಕದಲುತ್ತಿರಲಿಲ್ಲ. ಆದರೂ ಪಕ್ಕದ ಜೋಳದ ಹೊಲಕ್ಕೆ ಬಾಯಿ ಹಾಕಿದ ಕುರಿಯನ್ನು ಕೂತಲ್ಲಿಂದಲೇ ಗದರಿಸುತ್ತಿದ್ದಳು. ಅವಳ ಕಿವಿಯ ಹಿಂದೆ ಇನ್ನೊಂದು ಜೋಡಿ ಕಣ್ಣಿದೆ ಎಂದೇ ನಾನು ನಂಬಿದ್ದೆ. ಹೇನು ನೋಡುವ ನೆಪದಲ್ಲಿ ಕೂದಲು ಸರಿಸಿ ಹುಡುಕಿದ್ದೂ ಉಂಟು.

ಎಪ್ಪತ್ತರ ದಶಕದ ಮಾತು. ನನಗೆ ಏಳು ವರ್ಷ, ತಂಗಿ ಆಗಷ್ಟೇ ನಡೆಯಲು ಕಲಿತಿದ್ದಳು. ತೆಲಿಗಿಯ ಬಸ್ ರಸ್ತೆಯ ಪಕ್ಕ ಕುರಿ ಮೇಯುತ್ತಿದ್ದವು. ಅವ್ವ ನನಗೂ ಒಂದು ಕದಿರು ಕೊಟ್ಟು, "ಕೂಸಿನ್ನ ಕಡೆಗಣ್ಣಾಗ ಇಟ್ಕೋ" ಎಂದು ಕುರಿಗಳತ್ತ ಹೋದಳು. ಅದೇ ವಾರ ಶಾಲೆಯಲ್ಲಿ ಮೇಷ್ಟ್ರು, ಕಡೆಗಣಿಸು ಎಂದರೆ ಲಕ್ಷ್ಯ ಕೊಡದಿರುವುದು ಎಂದು ಅರ್ಥ ಬರೆಸಿದ್ದರು. ಕೂಸಿನ ಗೊಡವೆ ಬೇಡವೆಂದಳಲ್ಲ ಎಂದು ಖುಷಿಯಿಂದ ನೂಲಿಗೆ ಕೂತೆ.

ಹಾರ್ನ್ ಕೇಳಿ ತಲೆಯೆತ್ತಿದಾಗ ಬಸ್ಸು ಧೂಳೆಬ್ಬಿಸಿ ಹೋಗಿಯಾಗಿತ್ತು. ರಸ್ತೆಯ ಅಂಚಿನಲ್ಲಿ ಅವ್ವ ತಂಗಿಯನ್ನು ಅವಚಿಕೊಂಡು ಕೂತಿದ್ದಳು. ಕೂಸು ನನ್ನ ಮಗ್ಗುಲಿನಿಂದಲೇ ಎದ್ದು ಹೋಗಿತ್ತು, ನನಗೆ ಕಂಡೇ ಇರಲಿಲ್ಲ.

ಹೊಡೆಯಲು ಬಂದವಳಿಗೆ ಅಳುತ್ತ ಮೇಷ್ಟ್ರ ಅರ್ಥ ಒಪ್ಪಿಸಿದೆ. ಎತ್ತಿದ ಕೈ ಇಳಿಯಿತು. ನನ್ನನ್ನು ಎದುರಿಗೆ ಕೂರಿಸಿ, ತನ್ನ ಮೂಗನ್ನೇ ನೋಡುತ್ತಿರಲು ಹೇಳಿ, ಕದಿರನ್ನು ನನ್ನ ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದಳು. ಅದು ಕೆನ್ನೆ ದಾಟಿದ ಮೇಲೆ ಕಂಡಿತು ಎಂದೆ. ಅವಳಿಗೆ ನಾನು ಹಿಡಿದಾಗ, ಕಿವಿಯ ಹತ್ತಿರವೇ ಕಂಡುಬಿಟ್ಟಿತು. ಅವ್ವ ನನ್ನ ಕೈಯಿಂದ ಕದಿರು ತೆಗೆದುಕೊಂಡಳು.

"ನಿನಗಿನ್ನೂ ಆ ಕಣ್ಣು ಬಂದಿಲ್ಲವ್ವ. ಬೆಳದಂಗ ಬರ್ತೈತಿ. ತಪ್ಪು ನಂದ."

ಅವ್ವ ತಪ್ಪೊಪ್ಪಿದ್ದು! ಅವಳ ಕಣ್ಣಿಗಿಂತ ಅದಕ್ಕೇ ನಾನು ಹೆಚ್ಚು ಬೆರಗಾದೆ.

ಬರುತ್ತದೆ ಎಂದಳಲ್ಲ, ಎಷ್ಟೋ ದಿನ ಕಿವಿಯ ಪಕ್ಕ ಬೆರಳಾಡಿಸಿ ಪರೀಕ್ಷೆ ಮಾಡಿಕೊಂಡೆ. ಆಮೇಲೆ ಮರೆತೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹರಪನಹಳ್ಳಿಯಲ್ಲಿ ಟೀಚರು. ಒಮ್ಮೆ ಅವ್ವನನ್ನು ಕರೆದುಕೊಂಡು ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎದುರಿನ ಬಸ್ಸಿನ ಬೋರ್ಡು ಓದುತ್ತಿದ್ದವಳ ಎಡಗೈ ತಾನಾಗಿ ಹೋಗಿ ಅವ್ವನ ರಟ್ಟೆ ಹಿಡಿದು ಎಳೆಯಿತು. ತಿರುಗಿ ನೋಡಿದ್ದು ಆಮೇಲೆ. ರಿವರ್ಸ್ ಬರುತ್ತಿದ್ದ ಬಸ್ಸೊಂದು ಅವಳು ನಿಂತಿದ್ದ ಜಾಗಕ್ಕೆ ಬಂದು ನಿಂತಿತ್ತು. ನಾನು ಯಾವಾಗ ನೋಡಿದೆ, ದೇವರಾಣೆ ಗೊತ್ತಿಲ್ಲ.

ಅವ್ವನಿಗೆ ಆ ಬಸ್ಸು ಕಂಡೇ ಇರಲಿಲ್ಲ. ಅವಳು ಬಸ್ಸನ್ನೊಮ್ಮೆ, ನನ್ನ ಕೈಯನ್ನೊಮ್ಮೆ ನೋಡಿದಳು.

"ಬಂತಲ್ಲ ನಿನಗ" ಎಂದಳು.

ನಮ್ಮ ಬಸ್ಸು ಬರುವವರೆಗೂ ನಾನು ಅವಳ ರಟ್ಟೆ ಬಿಡಲಿಲ್ಲ.