ಹೆಸರಿಲ್ಲದ ಬುಟ್ಟಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಲೆಸಿಯೆಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹಾಲನ್ನೂ ಎರಡು ಸಲ ಮೂಸಿ ನೋಡುವವಳು. ಯಾರಾದರೂ ನಕ್ಕರೆ ಏಕೆ ನಕ್ಕರು ಎಂದು ಯೋಚಿಸುತ್ತಿದ್ದಳು, ನಗದಿದ್ದರೆ ಅದನ್ನೂ ಯೋಚಿಸುತ್ತಿದ್ದಳು. ಇಂಥವಳ ದನಿ ಕೇಳದೆ ವವಾಉ ದ್ವೀಪದಲ್ಲಿ ಬೆಳಗಾಗುತ್ತಿರಲಿಲ್ಲ ಎಂಬುದು ದೇವರ ತಮಾಷೆಯೇ ಇರಬೇಕು. ಇಪ್ಪತ್ತೆಂಟು ವರ್ಷ, ಒಂದು ದಿನವೂ ತಪ್ಪದೆ, ಗುಡ್ಡದ ಮೇಲಿನ ಪ್ರಾರ್ಥನೆಯ ರೇಡಿಯೊದಲ್ಲಿ ಬೆಳಗಿನ ಐದೂವರೆಗೆ ಅವಳೇ ಮಾತು ತೆಗೆಯುತ್ತಿದ್ದಳು. ಮೊದಲು ಪ್ರಾರ್ಥನೆ, ಆಮೇಲೆ ಒಂದು ಕೀರ್ತನೆ, ಯಾರು ತೀರಿಕೊಂಡರು, ಯಾವ ಹಡಗು ಯಾವಾಗ ಬರುತ್ತದೆ, ಕೊನೆಗೆ ಕೊಟ್ಟವರ ಹೆಸರು.

ಆ ರೇಡಿಯೊಗೆ ಒಡೆಯರೆಂದರೆ ಕೇಳುವವರೇ. ಜಾಹೀರಾತು ಇಲ್ಲ, ಸರಕಾರದ ಕಾಸಿಲ್ಲ. ಶುರುವಾದದ್ದು ಚರ್ಚಿನ ಹಿಂದಿನ ಕೊಬ್ಬರಿ ಒಣಗಿಸುವ ಕೊಟ್ಟಿಗೆಯಲ್ಲಿ. ಮೂರನೆಯ ವರ್ಷ ಬಿರುಗಾಳಿಗೆ ಕಬ್ಬಿಣದ ಕಂಬ ಮುರಿದು ಬಿದ್ದಾಗ ಮೂರು ಊರಿನ ಗಂಡಸರು ಸೇರಿ ಅತಿ ಎತ್ತರದ ತೆಂಗಿನ ಮರ ಕಡಿದು, ಹಗ್ಗ ಹಾಕಿ ಎಳೆದು ನಿಲ್ಲಿಸಿ, ತಂತಿಯನ್ನು ಅದರ ತುದಿಗೆ ಕಟ್ಟಿದರು. ಕೆಲವು ವರ್ಷ ದ್ವೀಪದ ಪ್ರಾರ್ಥನೆಯೆಲ್ಲ ತೆಂಗಿನ ಮರದಿಂದಲೇ ಮೇಲೇರಿತು. ಯಂತ್ರ ನೋಡಿಕೊಳ್ಳುವ ಮೊಸೆಸೆಗೆ ಊಟ, ಜನರೇಟರಿಗೆ ಎಣ್ಣೆ, ನೆಲಕ್ಕೆ ಚಾಪೆ, ಎಲ್ಲವೂ ಬಾಗಿಲಿಗೆ ಬರುತ್ತಿತ್ತು. ಬಂದದ್ದನ್ನು ಕೊಟ್ಟವರ ಹೆಸರು, ಊರು, ಅಪ್ಪನ ಹೆಸರು ಸಮೇತ ಲೆಸಿಯೆಲಿ ಓದುತ್ತಿದ್ದಳು. ಹೆಸರು ಹೇಳದೆ ಕೊಡುವುದು ಅಲ್ಲಿನವರಿಗೆ ಗೊತ್ತೇ ಇಲ್ಲ. ಕೊಟ್ಟ ಮೇಲೆ ನಾಲ್ಕು ಜನರ ಕಿವಿಗೆ ಬೀಳಬೇಕು, ಅದೇ ಮರ್ಯಾದೆ.

ಹೀಗಿರುವಾಗ ಆ ವರ್ಷದ ಗೆಣಸಿನ ಸುಗ್ಗಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಬಾಗಿಲಲ್ಲಿ ತೆಂಗಿನ ಗರಿಯ ಬುಟ್ಟಿಯೊಂದು ಕಾಣಿಸತೊಡಗಿತು. ಹೆಸರಿಲ್ಲ. ಒಳಗಿದ್ದದ್ದು ಎಂಥೆಂಥದೋ ಗೆಣಸಲ್ಲ, ತೋಳುದ್ದದ ಕಹೋಕಹೋ. ದೊರೆಗೆ, ಪಾದ್ರಿಗೆ, ಇಲ್ಲವೇ ಮನೆಯ ಹೆಣ್ಣುಮಕ್ಕಳಿಗೆ ಎಂದು ತೆಗೆದಿಡುವ ಜಾತಿ. ಮೊಸೆಸೆ ಸುಟ್ಟು ತಿಂದು ಹೊಟ್ಟೆ ಸವರಿಕೊಂಡ. ಲೆಸಿಯೆಲಿ ಮುಟ್ಟಲಿಲ್ಲ. ಇದು ಲಂಚ ಎಂದಳು.

ಲಂಚ ಕೊಡುವವನೂ ಅವಳಿಗೆ ಕೂಡಲೇ ಸಿಕ್ಕಿಬಿಟ್ಟ. ನೋನಿ ಹಣ್ಣಿನ ರಸ ಮಾರುವ ಲೊಪೆಟಿ ಎಂಬವನು, ಆ ರಸ ಕುಡಿದು ಎದ್ದು ಓಡಾಡಿದವರ ಸಾಕ್ಷಿಯನ್ನು ವಾರಕ್ಕೆ ಅರ್ಧ ಗಂಟೆ ಹೇಳಿಸಬೇಕೆಂದು ಪಾದ್ರಿಯ ಬೆನ್ನು ಹತ್ತಿದ್ದ. ಲೆಸಿಯೆಲಿ ಬುಟ್ಟಿಯ ಹೆಣಿಗೆ ಪರೀಕ್ಷಿಸಿದಳು, ಲೊಪೆಟಿಯ ಮನೆಯ ಮುಂದೆ ಸುಮ್ಮನೆ ಎರಡು ಸಲ ಹಾದುಹೋದಳು, ಅವನ ಉಗುರಲ್ಲಿ ಮಣ್ಣಿದೆಯೇ ಎಂದು ಚರ್ಚಿನಲ್ಲಿ ನೋಡಿದಳು. ಮಣ್ಣಿತ್ತು. ಆ ದ್ವೀಪದಲ್ಲಿ ಯಾರ ಉಗುರಲ್ಲಿ ಮಣ್ಣಿರುವುದಿಲ್ಲ? ಕಾಮಾಲೆ ಕಣ್ಣಿಗೆ ಅಷ್ಟು ಸಾಕು.

ಮುಂದಿನ ಶುಕ್ರವಾರ ಹೆಸರುಗಳನ್ನು ಓದಿ ಮುಗಿಸಿದವಳು ನಿಲ್ಲಿಸಲಿಲ್ಲ.

“ಹೆಸರು ಹೇಳೋಕೆ ನಾಚಿಕೆ ಇದ್ದೋರ ಗೆಣಸು ಈ ರೇಡಿಯೊಗೆ ಬೇಡ. ಬಾಗಿಲಲ್ಲಿ ತಂದಿಟ್ರೆ ಹಂದಿಗೆ ಹಾಕ್ತೀವಿ” ಎಂದಳು.

ಮೊಸೆಸೆ ಗಾಬರಿಯಾಗಿ ಕೀರ್ತನೆ ಹಾಕಿದ. ಮರುದಿನ ಬುಟ್ಟಿ ಬರಲಿಲ್ಲ, ಅದರ ಮರುವಾರವೂ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಲೆಸಿಯೆಲಿಗೆ ಬಹಳ ಖುಷಿಯಾಯಿತು.

ಅವಳ ಈ ಸ್ವಭಾವಕ್ಕೆ ಬೇರು ಎಲ್ಲಿತ್ತು ಎಂದು ಹಳಬರಿಗೆ ಗೊತ್ತು. ಅವಳಿಗೊಬ್ಬ ತಮ್ಮನಿದ್ದ, ಕೆಲೆಪಿ. ಮದುವೆಯಾದ ಮೇಲೆ ಹೆಂಡತಿಯ ಜೊತೆ ಬೇರೆ ಚರ್ಚಿಗೆ ಸೇರಿದ. ಅಪ್ಪ ಅವನನ್ನು ಮನೆಯಿಂದ ಹೊರಗಟ್ಟಿದ, ಲೆಸಿಯೆಲಿ ಅಪ್ಪನ ಪಕ್ಕ ನಿಂತಳು. ಕೆಲೆಪಿ ಆಚೆ ದಂಡೆಯ ಊರಿನಲ್ಲಿ ಉಳಿದುಬಿಟ್ಟ. ಅವಳು ರೇಡಿಯೊ ಸೇರಿದ ಹೊಸತರಲ್ಲಿ ಯಾರೋ ಬಂದು, ನಿನ್ನ ದನಿ ಕೇಳಿದ ಕೂಡಲೇ ನಿನ್ನ ತಮ್ಮ ಎದ್ದು ಮನೆಯಿಂದ ಹೊರಗೆ ಹೋಗುತ್ತಾನಂತೆ ಎಂದು ಹೇಳಿದರು. ಆ ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ಒಡಹುಟ್ಟಿದವನೇ ತನ್ನ ಪ್ರಾರ್ಥನೆಗೆ ಬೆನ್ನು ತಿರುಗಿಸಿದ ಮೇಲೆ ಉಳಿದವರನ್ನು ನಂಬುವುದು ಹೇಗೆ?

ಬುಟ್ಟಿ ನಿಂತ ಮೂರನೆಯ ವಾರ, ಒಂದು ಸೋಮವಾರ ಮಧ್ಯಾಹ್ನ, ಕೆಲೆಪಿಯ ಹೆಂಡತಿ ಫೂಸಿ ಗುಡ್ಡ ಹತ್ತಿ ಬಂದಳು. ಲೆಸಿಯೆಲಿ ಕೂರು ಎನ್ನಲಿಲ್ಲ. ಫೂಸಿ ನಿಂತೇ ಹೇಳಿದಳು: ಸಕ್ಕರೆ ಕಾಯಿಲೆಯಿಂದ ಅವನ ಕಾಲು ಕೊಳೆತಿದೆ, ಬುಧವಾರದ ಹಡಗಿನಲ್ಲಿ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಕಾಲು ತೆಗೆಯುತ್ತಾರೆ, ಉಳಿಯುತ್ತಾನೋ ಇಲ್ಲವೋ. ಪ್ರಾರ್ಥನೆಗೆ ಹೆಸರು ಸೇರಿಸಲು ಬಂದಿದ್ದಾಳೆ, ಈಗ ನೆನಪಾದೆನೇ ಎಂದು ಲೆಸಿಯೆಲಿ ಅಂದುಕೊಂಡಳು. ಫೂಸಿ ಕೇಳಿದ್ದು ಬೇರೆಯೇ.

“ಅಕ್ಕಾ, ಬುಧವಾರದ ತನಕ ಪ್ರಾರ್ಥನೆ ನೀವು ಓದ್ಬೇಡಿ. ಬೇರೆ ಯಾರಾದ್ರೂ ಓದ್ಲಿ.”

ಲೆಸಿಯೆಲಿಯ ಮೈ ಉರಿದುಹೋಯಿತು. “ಸಾಯೋ ಹೊತ್ನಲ್ಲೂ ನನ್ ದನಿ ಆಗಲ್ವಾ ಅವನಿಗೆ?”

“ಅಯ್ಯೋ, ಅಕ್ಕ ಇರೋ ಕೋಣೇಲಿ ತಮ್ಮ ಕಾಲು ಚಾಚಿ ಮಲಗ್ತಾನಾ? ಇಷ್ಟು ವರ್ಷ ನಿಮ್ ದನಿ ಬಂದ ಕೂಡ್ಲೆ ಎದ್ದು ಹೊರಗ್ಹೋಗಿ, ದೀವಿಹಲಸಿನ ಮರದ ಕೆಳಗೆ ನಿಂತ್ಕೊಂಡೇ ಪೂರ್ತಿ ಕೇಳ್ತಿದ್ರು. ಮಳೆ ಬಂದ್ರೂ ಅಷ್ಟೆ. ರೇಡಿಯೊದಲ್ಲಿ ಬಂದ್ರೂ ಅಕ್ಕ ಅಕ್ಕನೇ ಅಂತಾರೆ. ಈಗ ಏಳೋಕಾಗಲ್ಲ. ಅದಕ್ಕೆ ರೇಡಿಯೊನೇ ಆರಿಸು ಅಂತಾರೆ. ಹಡಗು ಹತ್ತೋ ಮುಂಚೆ ಒಂದ್ಸಲ ಪ್ರಾರ್ಥನೆ ಕೇಳ್ಲಿ ಅಂತ.”

ಬೆಳೆದ ತಮ್ಮ ಅಕ್ಕನೊಡನೆ ಒಂದೇ ಕೋಣೆಯಲ್ಲಿ ಕೂರಬಾರದು ಎಂಬ ಈ ಮರ್ಯಾದೆ ದ್ವೀಪದ ಚಿಕ್ಕ ಮಕ್ಕಳಿಗೂ ಗೊತ್ತು. ಲೆಸಿಯೆಲಿಗೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಅದನ್ನು ಬಿಟ್ಟು ಬೇರೆಲ್ಲವನ್ನೂ ಯೋಚಿಸಿದ್ದಳು.

“ಗೆಣಸು?” ಎಂದಳು ಕೊನೆಗೆ.

“ಕಾಲು ಕುಂಟ್ತಾ ಅವರೇ ಅಗೆದದ್ದು. ಹೆಸರು ಹೇಳಿದ್ರೆ ಅಕ್ಕ ತಗೊಳ್ಳಲ್ಲ ಅಂದ್ರು. ಹಂದಿಗೆ ಹಾಕ್ತೀನಿ ಅಂದ್ರಲ್ಲ ನೀವು, ಅವತ್ತೂ ಮರದ ಕೆಳಗೇ ನಿಂತಿದ್ರು.”

ಫೂಸಿ ಬೈಯಲಿಲ್ಲ. ಬೈದಿದ್ದರೆ ಲೆಸಿಯೆಲಿಗೆ ಹಗುರವಾಗುತ್ತಿತ್ತು. ಅವಳು ಹೋದ ಮೇಲೆ ಲೆಸಿಯೆಲಿ ಮುಖ ಮುಚ್ಚಿಕೊಂಡು ಅತ್ತಳು. ಮೊಸೆಸೆ ನೋಡದವನಂತೆ ತಂತಿ ಸುತ್ತುತ್ತ ಕೂತ.

ಮಂಗಳವಾರ ಬೆಳಿಗ್ಗೆ ಐದೂವರೆಗೆ ದ್ವೀಪದವರೆಲ್ಲ ಬೆಚ್ಚಿದರು. ಲೆಸಿಯೆಲಿ ಸತ್ತಳೇ ಎಂದು ಕೆಲವರು ಮನೆಯಿಂದ ಅಂಗಳಕ್ಕೇ ಬಂದರು. ರೇಡಿಯೊದಲ್ಲಿ ಮೊಸೆಸೆ ತಡವರಿಸುತ್ತ ಪ್ರಾರ್ಥನೆ ಓದುತ್ತಿದ್ದ. ಕೀರ್ತನೆ ಮುಗಿದ ಮೇಲೆ ಕೊಟ್ಟವರ ಹೆಸರಿಗೆ ಬಂದ. ಅವಳು ಬರೆದುಕೊಟ್ಟ ಚೀಟಿಯಲ್ಲಿ ಒಂದೇ ಹೆಸರಿತ್ತು.

“ಈ ಸುಗ್ಗೀಲಿ ಕಹೋಕಹೋ ಗೆಣಸು ಕೊಟ್ಟೋರು ಕೆಲೆಪಿ. ಲೆಸಿಯೆಲಿಯ ತಮ್ಮ.”

ಆ ಹೊತ್ತಿಗೆ ಲೆಸಿಯೆಲಿ ಕೋಣೆಯಲ್ಲಿರಲಿಲ್ಲ. ಹೊರಗೆ ಕಂಬದ ಕೆಳಗೆ, ಇಬ್ಬನಿಯಲ್ಲಿ ನೆನೆಯುತ್ತ, ಪ್ರಾರ್ಥನೆ ಮುಗಿಯುವ ತನಕ ನಿಂತೇ ಇದ್ದಳು.