ತೊಗಟೆ ಹೊದಿಸುವ ಮಾತಗೊರೊ

ಮಳೆ ಬಂದರೆ ಮಾತಗೊರೊ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿನೊಕಿ ಮರದ ತೊಗಟೆಯನ್ನು ಪದರ ಪದರವಾಗಿ ಜೋಡಿಸಿ, ಬಿದಿರಿನ ಮೊಳೆ ಹೊಡೆದು ಗುಡಿಗಳಿಗೆ ಚಾವಣಿ ಹೊದಿಸುವುದು ಅವನ ಕಸುಬು. ರಾಜಧಾನಿಯಲ್ಲಿ ಅವನ ಕೈಯಿಂದಾದ ಚಾವಣಿಗಳು ಹನ್ನೊಂದಿದ್ದವು. ಹನಿ ಬಿತ್ತೆಂದರೆ ಗಂಜಿಯ ಬಟ್ಟಲನ್ನು ಅಲ್ಲೇ ಬಿಟ್ಟು, ಹುಲ್ಲಿನ ಚಪ್ಪಲಿ ಬಿಗಿದು, ಎಲ್ಲಿ ಸೋರುತ್ತಿದೆಯೋ ಎಂದು ಒಂದೊಂದನ್ನೂ ನೋಡಿ ಬರುತ್ತಿದ್ದ.

"ಬುದ್ಧ ನೆನೆದ್ರೆ ನೆನೀಲಿ ಬಿಡ್ರಿ, ಅವನಿಗೆ ಶೀತ ಆಗಲ್ಲ. ನಿಮಗಾದ್ರೆ ಕಷಾಯ ಕುದಿಸೋಳು ನಾನು," ಎನ್ನುತ್ತಿದ್ದಳು ಹೆಂಡತಿ ಇಶಿ.

ದೊರೆಗಳ ಜಗಳ ರಾಜಧಾನಿಯ ಬೀದಿಗಿಳಿದ ವರ್ಷ ಹನ್ನೊಂದೂ ಸುಟ್ಟುಹೋದವು. ಕೊನೆಯದು ಪಡುವಣ ಗುಡ್ಡದ ಗುಡಿ. ನಾಲ್ಕು ವರ್ಷದ ಕೆಲಸ ಒಂದೇ ಬೆಳಗ್ಗೆ ಬೂದಿಯಾಯಿತು. ಗಂಡಹೆಂಡಿರು ಗಂಟುಮೂಟೆ ಹೊತ್ತು, ದೊಡ್ಡ ಸರೋವರದ ಆಚೆ ಇಶಿಯ ಅಣ್ಣನ ಹಳ್ಳಿಗೆ ಬಂದರು.

ಅಲ್ಲಿ ಮಾತಗೊರೊಗೆ ಕೂತಲ್ಲಿ ಕೂರಲಾಗಲಿಲ್ಲ. ಮೋಡ ಕಟ್ಟಿದರೆ ಏಳುತ್ತಿದ್ದ, ಬಾಗಿಲ ತನಕ ಹೋಗುತ್ತಿದ್ದ, ಹೋಗಲು ಜಾಗವಿಲ್ಲದೆ ತಿರುಗಿ ಬರುತ್ತಿದ್ದ. ಅಣ್ಣನ ಮನೆಯ ಹುಲ್ಲಿನ ಮಾಡಿನಲ್ಲಿ ದಿನಕ್ಕೊಂದು ತಪ್ಪು ಹುಡುಕಿ, ಅವನ ಮುಖ ಸಿಂಡರಿಸುವಂತೆ ಮಾಡಿದ.

ಊರಾಚೆ ಕನ್ನೊನ್ ದೇವಿಯ ಸಣ್ಣ ಗುಡಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಮ್ಯೋರಿನ್ ಎಂಬ ಮುದಿ ಸನ್ಯಾಸಿನಿ. ಒಂದು ದಿನ ಅವಳೇ ಮಾತಗೊರೊನನ್ನು ಕರೆದೊಯ್ದು ತೋರಿಸಿದಳು. ಮಾಡು ಸೋರುತ್ತಿದ್ದರಿಂದ ದೇವಿಯ ತಲೆಯ ಮೇಲೆ ರೈತರ ಹುಲ್ಲಿನ ಟೋಪಿ ಇಟ್ಟಿದ್ದರು.

"ಹುಲ್ಲಾದ್ರೂ ಹೊದಿಸ್ಕೊಡಿ ಮಾತಗೊರೊ."

"ಹುಲ್ಲು ನನ್ನ ಕೆಲಸ ಅಲ್ಲ ತಾಯಿ."

"ಸುಮ್ನೆ ತಿರುಗಾಡೋದು ನಿಮ್ಮ ಕೆಲಸಾನಾ?"

ಅವನಿಗೆ ಮಾತು ಚುಚ್ಚಿತು. ಮರುದಿನ ಹಿನೊಕಿ ತೊಗಟೆ ತರಲು ಹಗ್ಗ ಹೆಗಲಿಗೇರಿಸಿ ಬೆಟ್ಟ ಹತ್ತಿದ. ತೊಗಟೆ ಸುಲಿಯುವುದು ಬೇರೆಯವರ ಕಸುಬು, ಅವನ ಕೈಗೆ ಹೊಸದು. ಹಗ್ಗ ಜಾರಿ ಎರಡು ಸಲ ಮೊಣಕಾಲು ತರಚಿತು. ಎಂದೂ ಸುಲಿಯದ ಮರಗಳ ಮೊದಲ ತೊಗಟೆ ಒರಟು, ಗಂಟುಗಂಟು.

"ಇದು ಒಳ್ಳೇ ಮಾಲಲ್ಲ. ಎರಡನೇ ಸಲ ಬೆಳೆಯೋದೇ ಚೆನ್ನ. ಅದಕ್ಕೆ ಹತ್ತು ವರ್ಷ ಬೇಕು," ಎಂದ, ಗುಡಿಯ ಮುಂದೆ ಹೊರೆ ಇಳಿಸಿ.

"ಅಷ್ಟು ದಿನ ನಾನಿರಲ್ಲ. ಒರಟೇ ಹಾಕಿ," ಎಂದಳು ಮ್ಯೋರಿನ್.

ಬಾಯ್ತುಂಬ ಬಿದಿರು ಮೊಳೆ ಇಟ್ಟುಕೊಂಡು, ಒಂದೊಂದನ್ನೇ ನಾಲಿಗೆಯಿಂದ ಹೊರತಳ್ಳಿ ಹೊಡೆಯುತ್ತ ಎರಡು ತಿಂಗಳು ದುಡಿದ. ಇನ್ನೇನು ಮುಗಿಯಬೇಕು ಅನ್ನುವಾಗ ಸರೋವರದ ದಾರಿಯಲ್ಲಿ ಸೈನಿಕರ ಸಾಲು ಕಾಣಿಸಿತು.

"ಇಳೀರಿ, ಕಾಡಿಗೆ ಹೋಗೋಣ," ಎಂದು ಇಶಿ ಕೆಳಗಿನಿಂದ ಕೂಗಿದಳು.

ಅವನು ಇಳಿಯಲಿಲ್ಲ. ಬಾಯಲ್ಲಿದ್ದ ಮೊಳೆಗಳಲ್ಲಿ ಮುಂದಿನದನ್ನು ಹೊರತಳ್ಳಿ ಹೊಡೆದ. ಇಶಿ ಬೈಯುತ್ತ ಏಣಿಯ ಬುಡದಲ್ಲೇ ಕೂತಳು. ಸೈನಿಕರು ಬಾವಿಯಲ್ಲಿ ನೀರು ಕುಡಿದರು, ಒಬ್ಬ ದೇವಿಗೆ ಕೈಮುಗಿದ, ಉತ್ತರಕ್ಕೆ ನಡೆದರು.

ಮ್ಯೋರಿನ್ ಹೊಸ ಚಾವಣಿಯಡಿ ಮೂರನೇ ಚಳಿಗಾಲದಲ್ಲಿ ತೀರಿಕೊಂಡಳು. ಯುದ್ಧ ಮುಗಿಯಿತೆಂಬ ಸುದ್ದಿ ಆರು ಸಲ ಬಂತು, ಆರು ಸಲವೂ ಸುಳ್ಳಾಯಿತು. ಸುದ್ದಿ ಬಂದಾಗಲೆಲ್ಲ ಮಾತಗೊರೊ ರಾಜಧಾನಿಗೆಂದು ಗಂಟು ಕಟ್ಟುತ್ತಿದ್ದ, ಬಿಚ್ಚುತ್ತಿದ್ದ. ಹತ್ತನೇ ವರ್ಷ ಗಂಟು ಕಟ್ಟಲಿಲ್ಲ. ಬೆಟ್ಟ ಹತ್ತಿ, ತಾನು ಸುಲಿದಿದ್ದ ಮರದ ಮೇಲೆ ಕೈಯಾಡಿಸಿದ. ಹೊಸ ತೊಗಟೆ ನುಣುಪಾಗಿ, ಕೆಂಪಗೆ ಬೆಳೆದಿತ್ತು. ಕನ್ನೊನ್ ಗುಡಿಗೆಂದು ಅವತ್ತೇ ಸುಲಿಯಲು ಶುರುಮಾಡಿದ.