ಮಿಲ್ಲಿನ ಆಷಾಢ

ನಾನು ಚಿಕ್ಕವನಿದ್ದಾಗ ಆಷಾಢ ಎಂದರೆ ಸೀರೆ ಅಂಗಡಿಯ ಮುಂದೆ ತೂಗುಹಾಕುವ ಬೋರ್ಡಾಗಿರಲಿಲ್ಲ ಮಕ್ಕಳೇ. ನೀವು ಹಾಸನದ ಪೇಟೆಯಲ್ಲಿ ಆ ಬೋರ್ಡು ಕಂಡರೆ ಸಾಕು, 'ತಾತ, ಆಷಾಢದ ಸೇಲ್ ಬಂತು, ಬಟ್ಟೆ ಕೊಡಿಸು' ಎಂದು ನನ್ನ ಪಂಚೆ ಜಗ್ಗುತ್ತೀರಿ. ನಾನು ಮುಖ ಗಂಟು ಹಾಕಿಕೊಂಡರೆ 'ತಾತ ಜಿಪುಣ' ಎಂದು ನಗುತ್ತೀರಿ. ಜಿಪುಣತನ ಅಲ್ಲ ಕಣ್ರೋ. ಆ ತಿಂಗಳ ಹೆಸರು ಕೇಳಿದರೇ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಎಂದು ಇವತ್ತು ಕೇಳಿದಿರಲ್ಲ, ಹೇಳುತ್ತೇನೆ. ನಗಿಸುವ ಕತೆಯಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ.

ಈ ನಮ್ಮೂರು ಆಗಲೂ ಕೊಣನೂರಿನಾಚೆಯ ಸಣ್ಣ ಊರೇ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಮತ್ತೆ ಕೊಟ್ಟಿಗೆ ತುಂಬ ದನ. ಊರ ಮುಂದೆ ಗೋಮಾಳವಿತ್ತು. ಗೋಮಾಳ ಎಂದರೆ ಊರಿನ ದನಗಳೆಲ್ಲ ಮೇಯುವ, ಯಾರೊಬ್ಬರ ಸ್ವಂತದ್ದೂ ಅಲ್ಲದ ಹುಲ್ಲಿನ ಬಯಲು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಅಲ್ಲಿ ಕಾಲಿಟ್ಟರೆ ಹಸಿ ಹುಲ್ಲು, ಸಗಣಿ, ತುಂಬೆ ಗಿಡ ಎಲ್ಲ ಬೆರೆತ ವಾಸನೆ ಬರುತ್ತಿತ್ತು. ಆ ಜಾಗಕ್ಕೆ ನೂಲಿನ ಮಿಲ್ಲು ಬರುತ್ತದೆ ಎಂದು ಸುದ್ದಿಯಾಯಿತು. ಜೀಪಿನಲ್ಲಿ ಒಬ್ಬ ಸಾಹೇಬರು ಬಂದು, ಅರಳಿಕಟ್ಟೆಯ ಮೇಲೆ ನಿಂತು, 'ಜಾಗ ಬಿಟ್ಟುಕೊಡಿ, ಮನೆಗೊಂದು ಕೆಲಸ ಕೊಡುತ್ತೇವೆ' ಎಂದರು. ದನ ಎಲ್ಲಿ ಮೇಯಬೇಕು ಎಂದು ಊರಿನವರು ಹಿಂದೆಮುಂದೆ ನೋಡಿದರು. ಎಲ್ಲರಿಗಿಂತ ಮೊದಲು ಒಪ್ಪಿದವನು ನಮ್ಮಪ್ಪ.

ಒಪ್ಪಿದ್ದು ಅಕ್ಕನಿಗಾಗಿ. ಅಕ್ಕ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ನಮ್ಮೂರ ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ಬಿಸಿಲು ಮಳೆ ಎನ್ನದೆ ಕೊಣನೂರಿಗೆ ನಡೆದು ಹೋಗಿ ಓದಿದವಳು. ಅಪ್ಪನಿಗೆ ಅವಳೆಂದರೆ ಪ್ರಾಣ. 'ನನ್ ಮಗ್ಳು ಸಗಣಿ ಬಾಚಕ್ಕೆ ಉಟ್ಟೋಳಲ್ಲ ಕಣ್ರಲಾ. ಮಿಲ್ಲಲ್ಲಿ ಕೆಲ್ಸ ಮಾಡ್ತಾಳೆ, ನೋಡ್ತಾ ಇರಿ' ಎಂದು ಕಟ್ಟೆಯ ಮೇಲೆ ಕೊಚ್ಚಿಕೊಳ್ಳುತ್ತಿದ್ದ. ಅಕ್ಕನೂ ಅಷ್ಟೇ, ಅದನ್ನೇ ಕನಸು ಕಾಣುತ್ತಿದ್ದಳು. ಗೋಮಾಳದಲ್ಲಿ ಗೋಡೆ ಏಳುತ್ತಿದ್ದಾಗ ದಿನಾ ಸಂಜೆ ಹೋಗಿ ನೋಡಿಕೊಂಡು ಬರುತ್ತಿದ್ದಳು.

ತಗಡಿನ ಚಾವಣಿಯೂ ಬಂತು. ಆಮೇಲೆ ಒಂದು ದಿನ ಊರಲ್ಲಿ ತಮಟೆ ಹೊಡೆಸಿ ಸಾರಿಸಿದರು. ಮಿಲ್ಲಿಗೆ ಜನ ಬೇಕು, ಬಂದು ಸೇರಿಕೊಳ್ಳಿ ಎಂದು. ಊರಲ್ಲಿ ಒಬ್ಬರೂ ಕದಲಲಿಲ್ಲ. ಯಾಕೆಂದರೆ ಅದು ಆಷಾಢ. ಆ ತಿಂಗಳಲ್ಲಿ ನಮ್ಮ ಕಡೆ ಹೊಸದು ಯಾವುದನ್ನೂ ಶುರು ಮಾಡುತ್ತಿರಲಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೊಸ ಮದುಮಗಳು ಕೂಡ ಗಂಡನ ಮನೆಯಿಂದ ತವರಿಗೆ ಬಂದು ಕೂರುತ್ತಿದ್ದಳು.

ಅಕ್ಕ ಮಾತ್ರ ಸುಮ್ಮನಿರಲಿಲ್ಲ. 'ನಾನು ಓಗಾದು ಮಿಲ್ಲಿಗೆ ಕಣಪ್ಪ, ಗಂಡನ್ ಮನೆಗಲ್ಲ. ರಾಗಿ ಬಿತ್ತಕ್ಕೆ ಆಷಾಡ ಆಯ್ತದೆ, ನಾನ್ ಓಗಕ್ಕೆ ಮಾತ್ರ ಆಗಕಿಲ್ವಾ?' ಎಂದು ಜಗಳಕ್ಕೆ ನಿಂತಳು.

'ರಾಗಿ ವರ್ಸ ವರ್ಸ ಬಿತ್ತೀವಿ ಕಣವ್ವ. ಇದು ಜಲ್ಮಕ್ಕೊಂದ್ಸಲ. ಕೆಟ್ಟ ತಿಂಗ್ಳಲ್ಲಿ ಕಾಲಿಕ್ಕುದ್ರೆ ಕೆಲ್ಸ ನಿಲ್ಲಾಕಿಲ್ಲ' ಎಂದ ಅಪ್ಪ. ಹಟಕ್ಕೆ ಹೇಳಿದ್ದಲ್ಲ, ಅವಳ ಕೆಲಸ ಗಟ್ಟಿಯಾಗಿ ನಿಲ್ಲಲಿ ಎಂದೇ ಹೇಳಿದ್ದು. ಅದಕ್ಕೇ ನನಗೆ ಅವನ ಮೇಲೆ ಪೂರ್ತಿ ಸಿಟ್ಟಾಗಲು ಇವತ್ತಿಗೂ ಆಗುವುದಿಲ್ಲ.

ಸುಮ್ಮನೆ ಕೂರಬಾರದೆಂದು ಅಪ್ಪ ಮಿಲ್ಲಿಗೆ ಹೋಗಿ, 'ಶ್ರಾವಣ ಉಟ್ತಿದ್ದಂಗೆ ಎಲ್ರೂ ಬತ್ತೀವಿ ಸಾ' ಎಂದು ಸಾಹೇಬರಿಗೆ ಹೇಳಿ ಬಂದ. ಸಾಹೇಬರು ನಕ್ಕು, 'ಆಗಲಿ ಯಜಮಾನರೇ, ಬನ್ನಿ' ಎಂದರಂತೆ. ನಮ್ಮ ಕಡೆ ಮನೆಯ ಯಜಮಾನ 'ಬನ್ನಿ' ಎಂದರೆ ಬಂದವರಿಗೆ ಎಲೆ ಹಾಕುತ್ತಾನೆ ಎಂದೇ ಅರ್ಥ. ಅಪ್ಪ ಮಾತು ಸಿಕ್ಕಿತು ಎಂದುಕೊಂಡು ಊರಿಗೆಲ್ಲ ಹೇಳಿದ. ಊರೆಲ್ಲ ನಂಬಿಕೊಂಡು ಕೂತಿತು.

ಭೀಮನ ಅಮಾವಾಸ್ಯೆ ಕಳೆಯಿತು. ಶ್ರಾವಣದ ಮೊದಲ ಸೋಮವಾರ ಬಂತು. ಆ ಬೆಳಿಗ್ಗೆ ಇನ್ನೂ ನನ್ನ ಕಣ್ಣ ಮುಂದಿದೆ. ಜಿಟಿಜಿಟಿ ಸೋನೆ. ಹಂಡೆ ಒಲೆಯ ಹೊಗೆ ಮನೆಯೆಲ್ಲ ತುಂಬಿತ್ತು. ಅಕ್ಕ ಸೀಗೆಪುಡಿ ಹಾಕಿ ತಲೆಗೆ ನೀರು ಹುಯ್ದುಕೊಂಡಳು. ಅವ್ವ ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಆರಿಸಿ, ಜಡೆ ಹೆಣೆದು, ಕನಕಾಂಬರ ಮುಡಿಸಿದಳು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ಕಟ್ಟಿದಳು. ಅಪ್ಪ ಒಗೆದ ಪಂಚೆ ಉಟ್ಟು, ದೇವರಿಗೆಂದು ಇಟ್ಟಿದ್ದ ದಪ್ಪ ತೆಂಗಿನಕಾಯಿ ಹಿಡಿದುಕೊಂಡ. ಮನೆಮನೆಯಿಂದಲೂ ಹಾಗೇ ಜನ ಹೊರಟಿದ್ದರು, ಮದುವೆ ದಿಬ್ಬಣ ಹೊರಟ ಹಾಗೆ.

ಮಿಲ್ಲಿನ ಗೇಟಿಗೆ ಬಾಳೆಕಂದು ಕಟ್ಟಿದ್ದರು. ಮಾವಿನ ತೋರಣ ಬೇರೆ. ಗೇಟಿಗೆ ಹೊಡೆದ ಹಸಿರು ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅವ್ವನ ಮುಖ ಊರಗಲವಾಯಿತು. 'ನೋಡಿದ್ಯಾ, ನಮ್ಗೆ ಅಂತ ತೋರ್ಣ ಕಟ್ಟವ್ರೆ! ದೊಡ್ಡ ಮನ್ಸು ಕಣವ್ವ ಅವ್ರದ್ದು' ಎಂದು ಅಕ್ಕನ ಗಲ್ಲ ಸವರಿದಳು. ನಾವೆಲ್ಲ ಹಾಗೇ ಅಂದುಕೊಂಡೆವು. ಅಯ್ಯೋ, ಎಂಥ ಪೆದ್ದರು!

ಗೇಟು ತೆರೆಯಲಿಲ್ಲ. ಕಂಬಿಯ ಸಂದಿಯಿಂದ ನೋಡಿದರೆ ಒಳಗೆ ಒಂದೇ ಬಣ್ಣದ ಸೀರೆ ಉಟ್ಟ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಒಂದು ಮುಖವೂ ನಮ್ಮ ಕಡೆಯದಲ್ಲ. ಅಪ್ಪ ಕೂಗಿದ ಮೇಲೆ ಸಾಹೇಬರು ಬಂದರು, ಹಣೆ ತುಂಬ ಕುಂಕುಮ.

'ಕರೆದಾಗ ನೀವು ಬರಲಿಲ್ಲವಲ್ಲ ಯಜಮಾನರೇ. ಹೊರಗಿನಿಂದ ಕೆಲಸ ಕಲಿತ ಜನರನ್ನು ತಂದಿದ್ದಾಯ್ತು. ಈಗ ಜಾಗ ಖಾಲಿ ಇಲ್ಲ.'

'ಬನ್ನಿ ಅಂದಿದ್ರಲ್ಲ ಸಾ?'

'ಅಂದಿದ್ದೆ. ಬಂದಿದ್ದೀರಿ, ಸಂತೋಷ. ಮಿಷನ್ ಪೂಜೆ ಮುಗಿಯಲಿ, ಪ್ರಸಾದ ತಗೊಂಡು ಹೋಗಿ.'

ಗೇಟಿನ ಕಾವಲುಗಾರ ಪಾಪ, ನಮ್ಮನ್ನು ಸಮಾಧಾನ ಮಾಡಲು ಹೋಗಿ, 'ಮಿಷನ್ ಬಂದು ಎಷ್ಟೋ ದಿನ ಆಯ್ತು. ಆಷಾಡ ಕಳೀಲಿ, ಆಮೇಲೆ ಗುಂಡಿ ಒತ್ತಾಣ ಅಂತ ಮಾಲೀಕ್ರು ಕಾಯ್ಕೊಂಡಿದ್ರು' ಎಂದುಬಿಟ್ಟ.

ತೋರಣ ಯಾರಿಗೆ ಎಂದು ಆಗ ತಿಳಿಯಿತು. ಅವರ ಕಬ್ಬಿಣಕ್ಕೆ ಶ್ರಾವಣ ಬೇಕಿತ್ತು. ನಾವು ಮಾತ್ರ ಆಷಾಢದಲ್ಲಿ ಬರಬೇಕಿತ್ತು! ಥೂ. ನಮ್ಮ ಗೋಮಾಳ ತೆಗೆದುಕೊಂಡವರಿಗೆ ನಮ್ಮ ಪಂಚಾಂಗ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು.

ಒಳಗೆ ಗಂಟೆ ಬಾರಿಸಿದರು, ಕಾಯಿ ಒಡೆದ ಸದ್ದು ಕೇಳಿತು. ಆಮೇಲೆ ಮಿಷನ್ನಿನ ಮೊರೆತ ಶುರುವಾಗಿ ಕಾಲಡಿಯ ನೆಲ ನಡುಗಿತು. ಕಂಬಿಯ ಸಂದಿಯಿಂದ ಯಾರೋ ಕೋಸಂಬರಿ ಕೊಟ್ಟರು. ಅಕ್ಕ ಕೈ ಚಾಚಲಿಲ್ಲ. 'ಅಪ್ಪ, ಮಿಷನ್ಗೂ ಆಷಾಡ ಆಗಕಿಲ್ವಂತೆ ಕಣಪ್ಪ' ಎಂದಳು, ಅಷ್ಟೇ. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ಆ ಮಾತು ಕೇಳಿ ಅವನು ತಲೆ ಎತ್ತಲಿಲ್ಲ.

ಬರುವ ದಾರಿಯಲ್ಲಿ ಅಕ್ಕ ಬುತ್ತಿಯನ್ನು ನನ್ನ ಕೈಗಿಟ್ಟಳು. ನನಗೆ ಹಸಿವಾಗಿತ್ತು, ನಡೆಯುತ್ತಲೇ ತಿಂದು ಮುಗಿಸಿದೆ. ಅಪ್ಪ ತಂದಿದ್ದ ಕಾಯಿಯನ್ನು ಅವ್ವ ಮಾರನೆಯ ದಿನ ಸಾರಿಗೆ ತುರಿದಳು. ಗೋಮಾಳಕ್ಕೆ ತಂತಿ ಬೇಲಿ ಬಿತ್ತು. ಮೇಯಲು ಜಾಗವಿಲ್ಲದೆ ಒಂದೊಂದೇ ದನ ಕೊಟ್ಟಿಗೆ ಬಿಟ್ಟು ಹೋಯಿತು. ಅಕ್ಕನಿಗೆ ಮದುವೆ ಮಾಡಿದರು. ಒಳ್ಳೆಯ ಮುಹೂರ್ತ ನೋಡಿಯೇ ಮಾಡಿದರು ಬಿಡಿ. ಗಂಡನ ಮನೆಯಲ್ಲಿ ಅವಳು ಜೀವಮಾನವೆಲ್ಲ ಸಗಣಿ ಬಾಚಿದಳು. ಮಿಲ್ಲೂ ಉಳಿಯಲಿಲ್ಲ. ನೀವು ಕಣ್ಣಾಮುಚ್ಚಾಲೆ ಆಡುವ ಆ ಪಾಳುಗೋಡೆ ಇದೆಯಲ್ಲ, ಅದೇ.

ಈಗ ನಿಮ್ಮ ಕಾಲ. ಮುಹೂರ್ತ ನೋಡುವವರು ಕಡಿಮೆ, ತಮಟೆ ಹೊಡೆದು ಸಾರುವವರಿಲ್ಲ. ಬಟ್ಟೆ ಫ್ಯಾಕ್ಟರಿಯ ಬಸ್ಸು ಬೆಳಕು ಹರಿಯುವ ಮೊದಲೇ ಊರ ಬಾಗಿಲಿಗೆ ಬರುತ್ತದೆ. ನೀವು ದೊಡ್ಡಜ್ಜಿ ಎಂದು ಕರೆಯುತ್ತೀರಲ್ಲ, ಅವಳೇ ನನ್ನ ಅಕ್ಕ. ಈಗ ಅವಳು ಊರಿಗೆ ಮರಳಿ ಬಂದು, ಮೊಮ್ಮಗಳ ಜೊತೆ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಹೋದ ವರ್ಷ ಅವಳು ಆ ಮೊಮ್ಮಗಳನ್ನು ಬೇಕೆಂದೇ ಆಷಾಢದಲ್ಲಿ ಆ ಬಸ್ಸಿಗೆ ಹತ್ತಿಸಿದಳು. ಬೇಡ ಎಂದವರನ್ನೆಲ್ಲ ಗದರಿಸಿ ಹತ್ತಿಸಿದಳು. ಕೆಲಸ ಸಿಕ್ಕಿತು. ಆದರೆ ವರ್ಷ ತುಂಬಿದರೆ ಖಾಯಂ ಮಾಡಬೇಕಾಗುತ್ತದಂತೆ. ಅದಕ್ಕೇ ಈ ಮುಂಗಾರಿನ ಹೊತ್ತಿಗೆ, 'ಒಂದು ತಿಂಗಳು ಮನೆಯಲ್ಲಿರು, ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತೇವೆ' ಎಂದು ಕಳಿಸಿದರು. ಆಷಾಢ ಕಳೆದು ಶ್ರಾವಣವೂ ಬಂತು, ಕರೆ ಬಂದಿಲ್ಲ.

'ಇದ್ಯಾವ್ ಆಷಾಡನವ್ವಾ, ಶ್ರಾವಣ ಬಂದ್ರೂ ಕಳೀಲಿಲ್ವಲ್ಲ?' ಎಂದು ಅಕ್ಕ ನಿನ್ನೆ ಮೊಮ್ಮಗಳನ್ನು ಕೇಳುತ್ತಿದ್ದಳು.

ಬಸ್ಸು ನಿಂತರೂ ನಿಂತೀತು ಎಂದು ಅಕ್ಕ ಇನ್ನೂ ದಿನಾ ಎದ್ದು ಅವಳಿಗೆ ಡಬ್ಬಿ ಕಟ್ಟುತ್ತಾಳೆ. ಇವತ್ತು ನೀವು ಹೊದ್ದು ಮಲಗಿದ್ದಾಗಲೂ ಕಟ್ಟಿದಳು. ಹಾರ್ನ್ ಕೇಳಿ ಮೊಮ್ಮಗಳು ಚಪ್ಪಲಿ ಮೆಟ್ಟಿ ನಿಂತಳು. ಬಸ್ಸು ನಿಲ್ಲಲಿಲ್ಲ. ಬೆಳಿಗ್ಗೆ ನೀವು ರೊಟ್ಟಿ ತಿಂದು, 'ಹುಚ್ಚೆಳ್ಳು ಚಟ್ನಿ ಬಲು ಚೆನ್ನಾಗಿದೆ' ಎಂದು ಬೆರಳು ನೆಕ್ಕಿಕೊಂಡಿರಲ್ಲ ಮಕ್ಕಳೇ, ಅದು ಆ ಡಬ್ಬಿಯದೇ.